ಮಕ್ಕಳ ಮಧುಮೇಹ: ರಕ್ತದ ಸಕ್ಕರೆ ಹೃದಯವನ್ನು ಮುಟ್ಟುವ ಬಗೆ

ಹೃದಯದ ಅಲ್ಟ್ರಾಸೌಂಡ್ ಮಾಡುವ ಎಕೋ ಕೋಣೆಯಲ್ಲಿ ದೀಪ ಮಂದವಾಗಿದೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎಡ ಮಗ್ಗುಲಿಗೆ ಹೊರಳಿ, ಎಡಗೈಯನ್ನು ತಲೆಯಡಿಗೆ ಮಡಚಿಟ್ಟುಕೊಂಡು ಮಲಗಿದ್ದಾಳೆ. ಎದೆಗೆ ಹಚ್ಚಿದ ಜೆಲ್ ತಣ್ಣಗಿದೆ. ತಾಗಿದೊಡನೆ ಒಮ್ಮೆ ಉಸಿರು ಬಿಗಿಹಿಡಿಯುತ್ತಾಳೆ. ತೋಳಿನ ಹಿಂಬದಿಯಲ್ಲಿ ನಾಣ್ಯದಷ್ಟಗಲದ ಗ್ಲೂಕೋಸ್ ಸೆನ್ಸರ್ ಅಂಟಿಕೊಂಡಿದೆ. ದೇಹ ತಾನೇ ಇನ್ಸುಲಿನ್ ತಯಾರಿಸಲಾರದ ಟೈಪ್ 1 ಮಧುಮೇಹ ಬಂದು ಆರು ವರ್ಷವಾಯಿತು. ಪರದೆಯ ಮೇಲೆ ಅವಳ ಹೃದಯ ಬೂದು ನೆರಳಿನಂತೆ ಕುಗ್ಗುತ್ತಾ ಹಿಗ್ಗುತ್ತಾ ಇದೆ.

"ಡಾಕ್ಟರೇ, ಹೃದಯ ಸರಿಯಾಗಿ ಪಂಪ್ ಮಾಡುತ್ತಿದೆಯೇ?" ಪಕ್ಕದಲ್ಲಿ ಕುಳಿತ ತಾಯಿಯ ಪ್ರಶ್ನೆ.

"ಚೆನ್ನಾಗಿ ಮಾಡುತ್ತಿದೆಯಮ್ಮ. ಶೇ 64."

ಅಷ್ಟಕ್ಕೇ ವೈದ್ಯರು ಯಂತ್ರ ಆರಿಸುವುದಿಲ್ಲ. ಹೃದಯದ ಎಡಬದಿಯಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಕವಾಟದ ಮೇಲೆ ಗುರುತಿಟ್ಟು, ಅಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುತ್ತಾರೆ. ಪರದೆಯಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದರಂತೆ ಎರಡು ಗುಡ್ಡಗಳು ಮೂಡುತ್ತವೆ. ಮಧುಮೇಹವಿರುವ ಮಗುವಿನ ಹೃದಯದಲ್ಲಿ ಏನಾದರೂ ಬದಲಾಗುತ್ತಿದ್ದರೆ ಅದರ ಮೊದಲ ಸುಳಿವು ಸಿಗುವುದು ಹೆಚ್ಚಾಗಿ ಇಂಥ ಅಳತೆಗಳಲ್ಲೇ. ಶೇ 64ರ ಅಂಕಿಯಲ್ಲಿ ಅದು ಕಾಣಿಸಿಕೊಳ್ಳುವ ಹೊತ್ತಿಗೆ ಬಹಳ ಕಾಲ ಕಳೆದಿರುತ್ತದೆ.

ಬಿಗಿಯುವುದು, ಸಡಿಲಾಗುವುದು

ಹೃದಯವೆಂದರೆ ಪಂಪ್ ಎಂಬ ಮಾತು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದರ ಇನ್ನರ್ಧ ಕೆಲಸ ನಮಗೆ ನೆನಪಿಗೇ ಬರುವುದಿಲ್ಲ. ರಕ್ತವನ್ನು ಹೊರತಳ್ಳಲು ಹೃದಯದ ಸ್ನಾಯು ಬಿಗಿಯುತ್ತದೆ. ತಳ್ಳಿ ಮುಗಿದ ಮೇಲೆ ಅದು ಸಡಿಲಾಗಿ, ಮುಂದಿನ ಬಡಿತಕ್ಕೆ ಬೇಕಾದ ರಕ್ತವನ್ನು ತುಂಬಿಕೊಳ್ಳಬೇಕು. ತಾಯಿ ಕೇಳಿದ ಪ್ರಶ್ನೆಗೆ ಸಿಕ್ಕ ಶೇ 64ರ ಉತ್ತರ ಮೊದಲ ಕೆಲಸದ್ದು. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಎಡಬದಿಯ ಕೆಳಗಿನ ಕೋಣೆಯಲ್ಲಿ, ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕ ಅದು. ವರದಿಯಲ್ಲಿ ಇದನ್ನು ಇಜೆಕ್ಷನ್ ಫ್ರಾಕ್ಷನ್ ಎಂದು ಬರೆದಿರುತ್ತಾರೆ. ಸುಮಾರು ಶೇ 55ರಿಂದ 70ರವರೆಗೆ ಸಹಜ.

ಎರಡನೆಯ ಕೆಲಸ ನೋಡುವುದಕ್ಕೆ ವಿಶ್ರಾಂತಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದಕ್ಕೂ ಶಕ್ತಿ ಖರ್ಚಾಗುತ್ತದೆ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹರಡಿದಾಗ ಕೋಶ ಬಿಗಿಯುತ್ತದೆ. ಅದೇ ಕ್ಯಾಲ್ಸಿಯಂ ಅನ್ನು ಬಾಚಿ ಅದರ ದಾಸ್ತಾನಿಗೆ ವಾಪಸು ತುಂಬಿದಾಗಲಷ್ಟೇ ಕೋಶ ಸಡಿಲಾಗುವುದು. ಈ ಬಾಚುವ ಕೆಲಸಕ್ಕೆಂದೇ ಕೋಶದೊಳಗೆ ಪುಟ್ಟ ಪಂಪ್‌ಗಳಿವೆ, ಅವು ಪ್ರತಿ ಬಡಿತಕ್ಕೂ ಇಂಧನ ಬೇಡುತ್ತವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಅಂಗ ಹೃದಯ. ಇಂಧನದ ಪೂರೈಕೆಯಲ್ಲಿ ಸ್ವಲ್ಪ ಏರುಪೇರಾದರೂ ಬಿಗಿಯುವುದಕ್ಕಿಂತ ಮೊದಲು ತಡವರಿಸುವುದು ಸಡಿಲಾಗುವ ಕೆಲಸವೇ.

ಪರದೆಯ ಮೇಲಿನ ಗುಡ್ಡಗಳಿಗೆ ಬರೋಣ. ಹೃತ್ಕುಕ್ಷಿ ಸರಕ್ಕನೆ ಸಡಿಲಾದಾಗ ಮೇಲಿನ ಕೋಣೆಯ ರಕ್ತ ತಾನಾಗಿಯೇ ಕೆಳಗೆ ನುಗ್ಗುತ್ತದೆ. ಅದು ಮೊದಲ ಗುಡ್ಡ, ಹೆಸರು ಇ. ಕೊನೆಯಲ್ಲಿ ಮೇಲಿನ ಕೋಣೆ, ಅಂದರೆ ಹೃತ್ಕರ್ಣ, ಒಮ್ಮೆ ಹಿಂಡಿ ಉಳಿದ ರಕ್ತವನ್ನು ಕೆಳಕ್ಕೆ ದಬ್ಬುತ್ತದೆ. ಅದು ಎರಡನೆಯ ಗುಡ್ಡ, ಎ. ಆರೋಗ್ಯವಂತ ಮಗುವಿನಲ್ಲಿ ಮೊದಲ ಗುಡ್ಡ ಎರಡನೆಯದಕ್ಕಿಂತ ಸ್ಪಷ್ಟವಾಗಿ ಎತ್ತರ. ಹೃತ್ಕುಕ್ಷಿ ಸಡಿಲಾಗಲು ತಡಮಾಡತೊಡಗಿದರೆ ಮೊದಲನೆಯದು ತಗ್ಗುತ್ತದೆ, ಕೊರತೆ ತುಂಬಲು ಹೃತ್ಕರ್ಣ ಹೆಚ್ಚು ದುಡಿಯುವುದರಿಂದ ಎರಡನೆಯದು ಏರುತ್ತದೆ. ಇದರ ಜೊತೆಗೆ ಹೃದಯದ ಗೋಡೆಯೇ ಎಷ್ಟು ವೇಗವಾಗಿ ಚಲಿಸುತ್ತಿದೆ, ಬಡಿತಕ್ಕೆ ಉದ್ದುದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬುದನ್ನೂ ಈಗಿನ ಎಕೋ ಯಂತ್ರಗಳು ಅಳೆಯುತ್ತವೆ. ಈ ಕೊನೆಯ ಅಳತೆಗೆ ಸ್ಟ್ರೇನ್ ಎನ್ನುತ್ತಾರೆ. ಸಹಜ ಹೃತ್ಕುಕ್ಷಿ ತನ್ನ ಉದ್ದದ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ.

ಟೈಪ್ 1 ಮಧುಮೇಹವಿರುವ ಮಕ್ಕಳನ್ನು ಅದೇ ವಯಸ್ಸಿನ ಇತರ ಮಕ್ಕಳೊಂದಿಗೆ ಹೋಲಿಸಿದ ಹಲವು ಅಧ್ಯಯನಗಳಲ್ಲಿ ಕಂಡದ್ದು ಒಂದೇ ಜಾಡಿನ ಚಿತ್ರ. ಇಜೆಕ್ಷನ್ ಫ್ರಾಕ್ಷನ್‌ನಲ್ಲಿ ವ್ಯತ್ಯಾಸವಿಲ್ಲ, ಸಡಿಲಾಗುವಿಕೆಯ ಅಳತೆಗಳಲ್ಲಿ ಮತ್ತು ಸ್ಟ್ರೇನ್‌ನಲ್ಲಿ ಚಿಕ್ಕ ವ್ಯತ್ಯಾಸವಿದೆ. ಚಿಕ್ಕ ಎಂಬ ಮಾತನ್ನು ಒತ್ತಿ ಹೇಳಬೇಕು. ನೂರು ಮಕ್ಕಳ ಸರಾಸರಿಯಲ್ಲಿ ಕಾಣುವ ಈ ವ್ಯತ್ಯಾಸ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ನೋಡಿದಾಗ ಬಹುತೇಕ ಸಹಜದ ಮಿತಿಯೊಳಗೇ ಇರುತ್ತದೆ. ಆ ಮಕ್ಕಳಿಗೆ ಏದುಸಿರಿಲ್ಲ, ಎದೆನೋವಿಲ್ಲ. ಸಕ್ಕರೆಯ ಮಟ್ಟ ಹೆಚ್ಚಿದಷ್ಟೂ, ಕಾಯಿಲೆ ಬಂದು ಹೆಚ್ಚು ವರ್ಷವಾದಷ್ಟೂ ಈ ವ್ಯತ್ಯಾಸ ದೊಡ್ಡದು ಎಂದು ಕೆಲವು ಅಧ್ಯಯನಗಳು ತೋರಿಸಿವೆ. ಕೆಲವದರಲ್ಲಿ ಅಂಥ ನಂಟು ಸ್ಪಷ್ಟವಾಗಿ ಸಿಕ್ಕಿಲ್ಲ. ಹೀಗಾಗಿ "ಮಧುಮೇಹವಿರುವ ಮಗುವಿನ ಹೃದಯ ದುರ್ಬಲ" ಎಂದು ಯಾರಾದರೂ ಹೇಳಿದರೆ ಅದು ತಪ್ಪು. "ಹೃದಯದ ಚಿಂತೆ ನಲವತ್ತು ದಾಟಿದ ಮೇಲೆ" ಎಂದರೆ ಅದೂ ತಪ್ಪು.

ಈ ಪ್ರಶ್ನೆ ಹುಟ್ಟಿದ್ದೇ ಮಕ್ಕಳು ಬದುಕುಳಿಯತೊಡಗಿದ ಮೇಲೆ ಎಂಬುದನ್ನೂ ನೆನೆಯಬೇಕು. ಇನ್ಸುಲಿನ್ ದೊರೆಯುವ ಮೊದಲು ಟೈಪ್ 1 ಮಧುಮೇಹ ಬಂದ ಮಗು ಒಂದೆರಡು ವರ್ಷ ಉಳಿದರೆ ಹೆಚ್ಚು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅವನು ಇನ್ನೂ 13 ವರ್ಷ ಬದುಕಿದ. ಆಮೇಲಿನ ದಶಕಗಳಲ್ಲಿ ಮಧುಮೇಹವಿದ್ದೂ ಮಕ್ಕಳು ಬೆಳೆದು ದೊಡ್ಡವರಾದರು, ಹಾಗಾದಾಗಲೇ ಕಣ್ಣು, ಮೂತ್ರಪಿಂಡ, ಹೃದಯಗಳ ಮಾತು ಬಂತು. 1972ರಲ್ಲಿ ಅಮೆರಿಕದ ವೈದ್ಯರು ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವರದಿ ಪ್ರಕಟಿಸಿದರು. ನಾಲ್ವರಿಗೂ ಹೃದಯ ವೈಫಲ್ಯವಿತ್ತು, ಆದರೆ ಹೃದಯದ ರಕ್ತನಾಳಗಳಲ್ಲಿ ಅದಕ್ಕೆ ಕಾರಣವಾಗಬಲ್ಲ ಅಡಚಣೆ ಇರಲಿಲ್ಲ. ರಕ್ತನಾಳ ಕಟ್ಟಿಕೊಳ್ಳದೆಯೂ ಮಧುಮೇಹ ನೇರವಾಗಿ ಹೃದಯದ ಸ್ನಾಯುವನ್ನು ಮುಟ್ಟಬಲ್ಲದು ಎಂಬ ಯೋಚನೆಗೆ ಅಲ್ಲಿಂದ ಬೇರು ಸಿಕ್ಕಿತು.

ಮೂರು ತಿಂಗಳಲ್ಲಿ ರಕ್ತ ಮರೆಯುವುದು

ಹಾಗಾದರೆ ಸಕ್ಕರೆ ಹೃದಯದ ಸ್ನಾಯುವಿಗೆ ಮಾಡುವುದೇನು? ದಾರಿಗಳು ಹಲವು. ಅವುಗಳಲ್ಲಿ ಒಂದು ಇಂಧನದ್ದು. ಹೃದಯ ಎಲ್ಲವನ್ನೂ ಉರಿಸಬಲ್ಲ ಒಲೆ. ಸಾಮಾನ್ಯ ದಿನಗಳಲ್ಲಿ ತನ್ನ ಶಕ್ತಿಯ ಶೇ 60–70ರಷ್ಟನ್ನು ಕೊಬ್ಬಿನಾಮ್ಲಗಳಿಂದ, ಉಳಿದದ್ದನ್ನು ಹೆಚ್ಚಾಗಿ ಗ್ಲೂಕೋಸ್‌ನಿಂದ ಪಡೆಯುತ್ತದೆ. ಗ್ಲೂಕೋಸ್ ಕೋಶದೊಳಗೆ ಬರುವ ಮುಖ್ಯ ಬಾಗಿಲನ್ನು ತೆರೆಸುವುದು ಇನ್ಸುಲಿನ್. ಇನ್ಸುಲಿನ್ ಸಾಲದಿದ್ದಾಗ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಹೃದಯದ ಕೋಶಕ್ಕೆ ಅದು ಸಾಕಷ್ಟು ದಕ್ಕುವುದಿಲ್ಲ, ಹೃದಯ ಇನ್ನಷ್ಟು ಕೊಬ್ಬಿನ ಕಡೆಗೆ ವಾಲುತ್ತದೆ. ಅಷ್ಟೇ ಶಕ್ತಿ ಪಡೆಯಲು ಕೊಬ್ಬಿಗೆ ಗ್ಲೂಕೋಸ್‌ಗಿಂತ ಹೆಚ್ಚು ಆಮ್ಲಜನಕ ಬೇಕು. ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳ ಮೇಲೆ ಒತ್ತಡ ಬೀಳುತ್ತದೆ, ಹಾನಿಕಾರಕ ಉಪಉತ್ಪನ್ನಗಳು ಹೆಚ್ಚುತ್ತವೆ. ಕ್ಯಾಲ್ಸಿಯಂ ಬಾಚುವ ಪಂಪ್‌ಗಳು ಮಂದವಾಗುತ್ತವೆ.

ಇನ್ನೊಂದು ದಾರಿ ಅಂಟಿನದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಿರುವುದು ಇಲ್ಲೇ. ಗ್ಲೂಕೋಸ್ ಪ್ರೊಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಯಾವ ಕಿಣ್ವವೂ ಬೇಡ, ಸಕ್ಕರೆ ಮತ್ತು ಸಮಯ ಸಾಕು. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ. ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೊಟೀನ್‌ನಲ್ಲಿ ನೂರಕ್ಕೆ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಎಂಬುದು ಆ ಅಂಕಿ. 7 ಬಂದರೆ ರಕ್ತದ ಸಕ್ಕರೆಯ ಸರಾಸರಿ ಡೆಸಿಲೀಟರಿಗೆ ಸುಮಾರು 154 ಮಿಲಿಗ್ರಾಂ ಇತ್ತೆಂದು ಅರ್ಥ. 8 ಎಂದರೆ 183, 9 ಎಂದರೆ 212. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅದು ಸತ್ತು ಹೊಸದು ಬಂದಾಗ ಅಂಟಿದ ಸಕ್ಕರೆಯೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿಯೇ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನಷ್ಟೇ ಹೇಳುತ್ತದೆ.

ಆದರೆ ಸಕ್ಕರೆ ಹಿಮೋಗ್ಲೋಬಿನ್ ಒಂದನ್ನೇ ಆರಿಸಿಕೊಂಡು ಅಂಟುವುದಿಲ್ಲ. ಹೃದಯದ ಸ್ನಾಯುಕೋಶಗಳ ನಡುವೆ, ರಕ್ತನಾಳಗಳ ಗೋಡೆಯಲ್ಲಿ ಕೊಲಾಜನ್ ಎಂಬ ನಾರಿನ ಜಾಲವಿದೆ. ಅದಕ್ಕೂ ಅಂಟುತ್ತದೆ. ಮೊದಮೊದಲು ಅಂಟಿದ್ದು ಬಿಡಬಹುದು. ವಾರಗಳು, ತಿಂಗಳುಗಳು ಕಳೆದಂತೆ ಅದು ಬೇರೆ ರೂಪ ತಾಳಿ, ಪಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಮೃದುವಾಗಿ ಜಾರಬೇಕಿದ್ದ ಎಳೆಗಳು ಬಿಗಿಯುತ್ತವೆ, ಗೋಡೆ ಗಡುಸಾಗುತ್ತದೆ. ಗಡುಸಾದ ಗೋಡೆ ಹಿಂಡುವುದಕ್ಕೆ ಅಷ್ಟೇನೂ ಅಡ್ಡಿಯಲ್ಲ. ಹಿಗ್ಗಿ ತುಂಬಿಕೊಳ್ಳುವುದಕ್ಕೆ ಅಡ್ಡಿ. ಮೊದಲ ಗುಡ್ಡ ತಗ್ಗುವುದಕ್ಕೆ ಇದೂ ಒಂದು ಕಾರಣ.

ಕೊಲಾಜನ್‌ಗೆ ರಕ್ತಕಣದ ಹಾಗೆ ನಾಲ್ಕು ತಿಂಗಳ ಆಯುಸ್ಸಿಲ್ಲ. ಅದು ಬದಲಾಗಲು ವರ್ಷಗಳೇ ಬೇಕು. ಕಳೆದ ವರ್ಷ 10 ಇದ್ದ ಎಚ್‌ಬಿಎ1ಸಿ ಈ ವರ್ಷ 7ಕ್ಕೆ ಇಳಿದರೆ ರಕ್ತದ ಮಟ್ಟಿಗೆ ಹಳೆಯ ಲೆಕ್ಕ ಚುಕ್ತಾ ಆಯಿತು. ಹೃದಯದ ಗೋಡೆಯಲ್ಲಿ ಆಗ ಬಿದ್ದ ಹೊಲಿಗೆಗಳು ಅಲ್ಲೇ ಇರುತ್ತವೆ. ಇದನ್ನು ಓದಿ ಹತಾಶರಾಗಬೇಕಿಲ್ಲ, ಏಕೆಂದರೆ ಇದೇ ನಿಯಮ ಒಳ್ಳೆಯ ವರ್ಷಗಳಿಗೂ ಅನ್ವಯಿಸುತ್ತದೆ.

ಅದಕ್ಕೆ ದೊಡ್ಡ ಸಾಕ್ಷಿ ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಎಂಬ ಅಧ್ಯಯನ. 13ರಿಂದ 39 ವರ್ಷದೊಳಗಿನ 1,441 ಟೈಪ್ 1 ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆ ಕಾಲದ ವಾಡಿಕೆಯ ಚಿಕಿತ್ಸೆ, ಇನ್ನೊಂದಕ್ಕೆ ದಿನಕ್ಕೆ ಹಲವು ಬಾರಿ ಸಕ್ಕರೆ ನೋಡಿ, ಹಲವು ಬಾರಿ ಇನ್ಸುಲಿನ್ ಕೊಡುವ ಬಿಗಿ ಚಿಕಿತ್ಸೆ. ಮೊದಲ ಗುಂಪಿನ ಎಚ್‌ಬಿಎ1ಸಿ ಸುಮಾರು 9ರಲ್ಲಿ, ಎರಡನೆಯದರದು ಸುಮಾರು 7ರಲ್ಲಿ ನಿಂತಿತು. ಸರಾಸರಿ ಆರೂವರೆ ವರ್ಷದ ಮೇಲೆ ಅಧ್ಯಯನ ಮುಗಿಯಿತು, ಬಿಗಿ ಚಿಕಿತ್ಸೆಯನ್ನು ಎಲ್ಲರಿಗೂ ಕಲಿಸಿದರು. ಕೆಲವೇ ವರ್ಷಗಳಲ್ಲಿ ಎರಡೂ ಗುಂಪಿನ ಎಚ್‌ಬಿಎ1ಸಿ 8ರ ಆಸುಪಾಸಿಗೆ ಬಂದು ಸೇರಿದವು. ಇನ್ನು ವ್ಯತ್ಯಾಸವೇ ಇಲ್ಲ ಎನ್ನಬೇಕು. ಆದರೂ ಅದೇ ಜನರ ಬೆನ್ನು ಬಿಡದೆ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮೊದಲ ಆರೂವರೆ ವರ್ಷ ಬಿಗಿ ಚಿಕಿತ್ಸೆ ಪಡೆದವರಿಗೆ ಹೃದಯ ಮತ್ತು ರಕ್ತನಾಳದ ತೊಂದರೆಗಳು ಶೇ 42ರಷ್ಟು ಕಡಿಮೆಯಿದ್ದವು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಇವನ್ನೇ ಪ್ರತ್ಯೇಕಿಸಿ ನೋಡಿದರೆ ಶೇ 57ರಷ್ಟು ಕಡಿಮೆ. ವೈದ್ಯರು ಇದಕ್ಕೆ ಮೆಟಬಾಲಿಕ್ ಮೆಮೊರಿ ಎನ್ನುತ್ತಾರೆ, ದೇಹ ನೆನಪಿಟ್ಟುಕೊಂಡ ಸಕ್ಕರೆ. ಏಳನೆಯ ವಯಸ್ಸಿನಲ್ಲಿ ಕಾಯಿಲೆ ಬಂದ ಮಗುವಿನ ಎಂಟನೆಯ, ಒಂಬತ್ತನೆಯ ವರ್ಷಗಳಿಗೆ ಇಷ್ಟು ಬೆಲೆ ಏಕೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಅಂಕಿಗಳನ್ನೇ.

ಒಂದೇ ಸರಾಸರಿ, ಬೇರೆ ಬೇರೆ ದಿನಗಳು

ಎಚ್‌ಬಿಎ1ಸಿ ಸರಾಸರಿಯ ಸುತ್ತ ನಿಂತಿರುವ ಅಂಕಿ, ಸರಾಸರಿಗೆ ಮರೆಮಾಚುವ ಗುಣವಿದೆ. ಇಬ್ಬರು ಮಕ್ಕಳ ಎಚ್‌ಬಿಎ1ಸಿ ಒಂದೇ, 7.5 ಎಂದಿಟ್ಟುಕೊಳ್ಳಿ. ಒಬ್ಬನ ಸಕ್ಕರೆ ದಿನವಿಡೀ 110ರಿಂದ 220ರ ನಡುವೆ ಓಡಾಡುತ್ತದೆ. ಇನ್ನೊಬ್ಬನದು ಬೆಳಗಿನ ಜಾವ 50ಕ್ಕೆ ಕುಸಿದು, ಊಟವಾದ ಮೇಲೆ 350ಕ್ಕೆ ಜಿಗಿದು, ಸಂಜೆ ಆಟವಾಡಿ ಬಂದಾಗ ಮತ್ತೆ 60. ಪ್ರಯೋಗಾಲಯದ ವರದಿಯಲ್ಲಿ ಇಬ್ಬರೂ ಸಮಾನರು. ದೇಹದೊಳಗೆ ಸಮಾನರಲ್ಲ.

ಸೆನ್ಸರ್‌ಗಳು ಬಂದ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಂತಾಯಿತು. ಐದು ನಿಮಿಷಕ್ಕೊಮ್ಮೆಯಂತೆ ಸಕ್ಕರೆಯನ್ನು ಅಂದಾಜಿಸುವ ಈ ಸಾಧನದಿಂದ, ದಿನದ ಎಷ್ಟು ಹೊತ್ತು ಸಕ್ಕರೆ 70ರಿಂದ 180ರ ನಡುವೆ ಇತ್ತು ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯ ಗುರಿ ಶೇ 70ಕ್ಕಿಂತ ಹೆಚ್ಚು, ಅಂದರೆ 24 ಗಂಟೆಗಳಲ್ಲಿ ಸುಮಾರು 17 ಗಂಟೆ. 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ, ಅಂದರೆ ಒಂದು ಗಂಟೆಯೊಳಗೆ. 54ಕ್ಕಿಂತ ಕೆಳಗೆ ಶೇ 1ಕ್ಕಿಂತ ಕಡಿಮೆ, ಹೆಚ್ಚೆಂದರೆ ಕಾಲು ಗಂಟೆ. ಏರಿಳಿತದ ರಭಸಕ್ಕೂ ಒಂದು ಅಳತೆ ಇದೆ: ಸಕ್ಕರೆ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬುದನ್ನು ಆ ಸರಾಸರಿಯ ಶೇಕಡಾವಾರಿನಲ್ಲಿ ಹೇಳುವುದು. ಅದು ಶೇ 36ರೊಳಗಿದ್ದರೆ ಸಕ್ಕರೆ ಒಂದು ಹದದಲ್ಲಿದೆ ಎನ್ನಬಹುದು. ಸಕ್ಕರೆ ಥಟ್ಟನೆ ಏರಿ ಥಟ್ಟನೆ ಇಳಿಯುವುದು ರಕ್ತನಾಳದ ಒಳಪದರಕ್ಕೆ ಸ್ಥಿರವಾಗಿ ಹೆಚ್ಚಿರುವುದಕ್ಕಿಂತಲೂ ಹೆಚ್ಚು ಹಿಂಸೆ ಎಂದು ಪ್ರಯೋಗಾಲಯದ ಕೆಲವು ಅಧ್ಯಯನಗಳು ಸೂಚಿಸುತ್ತವೆ. ಮಕ್ಕಳ ಹೃದಯದ ಮಟ್ಟಿಗೆ ಸರಾಸರಿಯ ಪುರಾವೆಯೇ ಇನ್ನೂ ಗಟ್ಟಿ, ಏರಿಳಿತದ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಹಾಗಿದ್ದರೂ ಏರಿಳಿತ ತಗ್ಗಿಸುವುದು ಒಳ್ಳೆಯದೆನ್ನಲು ಇನ್ನೊಂದು ನೇರವಾದ ಕಾರಣವಿದೆ. ಅದು ಲೋ.

ಸಕ್ಕರೆ ಇಳಿದಾಗ

ಸಕ್ಕರೆ 70ಕ್ಕಿಂತ ಕೆಳಗಿಳಿಯುವುದನ್ನು ಮನೆಗಳಲ್ಲಿ "ಲೋ ಆಯಿತು" ಎನ್ನುತ್ತಾರೆ. ಮಗು ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಆ ಡವಡವ ಅಡ್ರಿನಲಿನ್‌ನದು. ಸಕ್ಕರೆ ಕುಸಿದಾಗ ದೇಹ ಅಪಾಯದ ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ಸುರಿಯುತ್ತದೆ. ಅದು ಯಕೃತ್ತಿನಿಂದ ಸಕ್ಕರೆ ಬಿಡಿಸುವುದರ ಜೊತೆಗೆ ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಕೋಶಗಳೊಳಗೆ ತಳ್ಳುತ್ತದೆ. ಹೃದಯದ ವಿದ್ಯುತ್ತು ನಡೆಯುವುದೇ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳ ಓಡಾಟದ ಮೇಲೆ. ಆಗ ಇಸಿಜಿ ತೆಗೆದರೆ ಕ್ಯೂಟಿ ಎಂಬ ಅಂತರ ಹಿಗ್ಗಿರುವುದು ಕಾಣುತ್ತದೆ. ಅಂದರೆ ಒಂದು ಬಡಿತ ಮುಗಿದ ಮೇಲೆ ಹೃದಯ ಮುಂದಿನದಕ್ಕೆ ವಿದ್ಯುತ್ತಿನ ಮಟ್ಟಿಗೆ ಸಜ್ಜಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆ. ಗ್ಲೂಕೋಸ್ ಕೊಟ್ಟು ಸಕ್ಕರೆ ಮೇಲೆ ಬಂದರೆ ಇದೂ ಸರಿಹೋಗುತ್ತದೆ.

ಹೇಳಬೇಕೋ ಬೇಡವೋ ಎಂದು ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಹಿಂದಿನ ರಾತ್ರಿ ಚೆನ್ನಾಗಿಯೇ ಇದ್ದ ಯುವ ಮಧುಮೇಹಿಗಳು ಬೆಳಿಗ್ಗೆ ಹಾಸಿಗೆಯಲ್ಲೇ ತೀರಿಕೊಂಡಿದ್ದ ಪ್ರಕರಣಗಳನ್ನು 1991ರಲ್ಲಿ ಬ್ರಿಟನ್ನಿನ ವೈದ್ಯರು ಒಟ್ಟುಗೂಡಿಸಿ ವರದಿ ಮಾಡಿದರು. ಇಂಥದು ಬಹಳ ಅಪರೂಪ. ರಾತ್ರಿಯ ಲೋ ಮತ್ತು ಅದರಿಂದ ಹೃದಯದ ಲಯ ತಪ್ಪುವುದು ಕಾರಣವಿರಬಹುದೆಂಬ ಊಹೆ ಬಲವಾಗಿದೆ. ಸೆನ್ಸರ್‌ನ ರಾತ್ರಿಯ ಅಲಾರಂ ಕಿರಿಕಿರಿಯೆಂದು ಆರಿಸಿಡುವ ಮೊದಲು ಇದು ಗೊತ್ತಿರಬೇಕು ಎಂಬುದಕ್ಕಷ್ಟೇ ಈ ಮಾತು. ಹೆದರಿ ಮಗುವಿನ ಸಕ್ಕರೆಯನ್ನು ಪ್ರತಿ ರಾತ್ರಿ 250ರಲ್ಲಿ ಇಟ್ಟು ಮಲಗಿಸುವುದು ಪರಿಹಾರವಲ್ಲ. ಹಾಗೆ ಮಾಡುವ ತಂದೆತಾಯಿಯ ಭಯ ನನಗೆ ಅರ್ಥವಾಗುತ್ತದೆ, ಆದರೆ ದಿನದ ಮೂರನೆಯ ಒಂದು ಭಾಗ ಹಾಗೆ ಕಳೆದರೆ ಮೇಲೆ ಹೇಳಿದ ಹೊಲಿಗೆಗಳು ಹೆಚ್ಚುತ್ತಲೇ ಹೋಗುತ್ತವೆ. ಮಲಗುವ ಮುನ್ನದ ಇನ್ಸುಲಿನ್ ಪ್ರಮಾಣವನ್ನು ವೈದ್ಯರೊಂದಿಗೆ ಕುಳಿತು ಸರಿಪಡಿಸಿಕೊಳ್ಳುವುದು ದಾರಿ.

ಹೃದಯದ ಬಡಿತವನ್ನು ಏರಿಸುವ ಇಳಿಸುವ ನರಗಳಿಗೂ ಸಕ್ಕರೆಯ ಬಿಸಿ ತಟ್ಟುತ್ತದೆ. ಆರೋಗ್ಯವಂತ ಮಗುವಿನ ನಾಡಿ ಹಿಡಿದು ನೋಡಿ: ಉಸಿರು ಒಳಗೆಳೆದಾಗ ಬಡಿತ ಚೂರು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಮಕ್ಕಳಲ್ಲಿ ಇದು ಬೆರಳಿಗೇ ತಿಳಿಯುವಷ್ಟು ಸ್ಪಷ್ಟ. ಈ ಏರುಪೇರು ದೋಷವಲ್ಲ, ನರಗಳು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂಬುದರ ಗುರುತು. ಸಕ್ಕರೆ ಹಲವು ವರ್ಷ ಹೆಚ್ಚಾಗಿಯೇ ಇದ್ದ ಹದಿಹರೆಯದವರಲ್ಲಿ ಈ ಏರುಪೇರು ಕಡಿಮೆಯಾಗುವುದು ಕಂಡುಬಂದಿದೆ.

ಇನ್ಸುಲಿನ್ ತೀರಾ ಕೊರತೆಯಾಗಿ, ಕೊಬ್ಬು ಒಡೆದಾಗ ಹುಟ್ಟುವ ಆಮ್ಲೀಯ ವಸ್ತುಗಳಾದ ಕೀಟೋನ್‌ಗಳು ರಕ್ತದಲ್ಲಿ ತುಂಬಿಕೊಳ್ಳುವ ಕೀಟೋಅಸಿಡೋಸಿಸ್ ಬೇರೆಯೇ ತುರ್ತು. ಅಲ್ಲಿಯೂ ಹೃದಯಕ್ಕೆ ಮುಖ್ಯ ಅಪಾಯ ಪೊಟ್ಯಾಸಿಯಂನಿಂದ: ದೇಹದಲ್ಲಿ ಅದು ಖಾಲಿಯಾಗಿರುತ್ತದೆ, ರಕ್ತದಲ್ಲಿ ಮಾತ್ರ ಸಹಜವೋ ಹೆಚ್ಚೋ ಕಾಣುತ್ತದೆ, ಇನ್ಸುಲಿನ್ ಕೊಡುತ್ತಿದ್ದಂತೆ ಸರ್ರನೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮಗುವಿನ ಎದೆಗೆ ಇಸಿಜಿ ತಂತಿ ಜೋಡಿಸಿ, ಪದೇಪದೇ ರಕ್ತ ಪರೀಕ್ಷಿಸುವುದು ಅದಕ್ಕೇ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಇದ್ದರೆ ಮನೆಯಲ್ಲಿ ಕಾಯುತ್ತ ಕೂರಬಾರದು.

ರಕ್ತನಾಳಗಳು

ಹೃದಯದ ಸ್ನಾಯುವಿನ ಮಾತು ಹೀಗಾದರೆ, ಅದಕ್ಕೆ ರಕ್ತ ಒಯ್ಯುವ ನಾಳಗಳದ್ದು ಹೆಚ್ಚು ಪರಿಚಿತ ಕಥೆ. ಸಕ್ಕರೆ ಹೆಚ್ಚಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಸಡಿಲಿಸುವ ವಸ್ತುವನ್ನು ಸಾಕಷ್ಟು ಒದಗಿಸಲಾರದು. ನಾಳ ಬೇಕಾದಾಗ ಹಿಗ್ಗುವುದಿಲ್ಲ, ಕೊಬ್ಬು ಗೋಡೆಯೊಳಗೆ ಸೇರಲು ಹಾದಿಯಾಗುತ್ತದೆ. ಟೈಪ್ 1 ಮಧುಮೇಹವಿರುವ ಮಕ್ಕಳ ಕುತ್ತಿಗೆಯ ಅಪಧಮನಿಯ ಗೋಡೆ ಇತರ ಮಕ್ಕಳದಕ್ಕಿಂತ ಕೂದಲೆಳೆಯಷ್ಟು ದಪ್ಪವಿರುವುದನ್ನು ಅಲ್ಟ್ರಾಸೌಂಡ್‌ನಲ್ಲಿ ಕಂಡಿದ್ದಾರೆ.

ಸ್ವೀಡನ್ನಿನ ರಾಷ್ಟ್ರೀಯ ಮಧುಮೇಹ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತು ವರ್ಷದೊಳಗೆ ಟೈಪ್ 1 ಮಧುಮೇಹ ಬಂದ ಹೆಂಗಸರು ಸರಾಸರಿ 17.7 ವರ್ಷ, ಗಂಡಸರು 14.2 ವರ್ಷ ಆಯುಸ್ಸು ಕಳೆದುಕೊಂಡಿದ್ದರು. ಅದರಲ್ಲಿ ಹೃದ್ರೋಗದ ಪಾಲು ದೊಡ್ಡದು. ಈ ಅಂಕಿ ಓದಿದ ತಾಯಿತಂದೆಯರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಲೆಕ್ಕದಲ್ಲಿರುವ ಬಹಳಷ್ಟು ಜನರ ಬಾಲ್ಯ ಕಳೆದದ್ದು ಸೆನ್ಸರ್, ಇನ್ಸುಲಿನ್ ಪಂಪ್, ಈಗಿನ ಹೊಸ ಇನ್ಸುಲಿನ್‌ಗಳು ಯಾವುವೂ ಇಲ್ಲದ ದಿನಗಳಲ್ಲಿ. ಇಂದು ಎಂಟು ವರ್ಷದ ಮಗುವಿನ ಮುಂದಿನ ಐವತ್ತು ವರ್ಷಗಳನ್ನು ಅದರಿಂದ ಅಳೆಯಲು ಬಾರದು. ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೆಣ್ಣುಮಕ್ಕಳ ಸಂಗತಿ. ಸಾಮಾನ್ಯವಾಗಿ ಹೆಂಗಸರಿಗೆ ನಡುವಯಸ್ಸಿನವರೆಗೆ ಹೃದ್ರೋಗದಿಂದ ಒಂದು ಬಗೆಯ ರಕ್ಷಣೆಯಿರುತ್ತದೆ. ಚಿಕ್ಕಂದಿನಲ್ಲಿ ಬಂದ ಮಧುಮೇಹ ಆ ರಕ್ಷಣೆಯನ್ನು ಕಸಿದುಕೊಳ್ಳುತ್ತದೆ. ಹುಡುಗಿಯರ ರಕ್ತದೊತ್ತಡ, ಕೊಲೆಸ್ಟರಾಲ್ ನೋಡುವಾಗ ಯಾರೂ ಉದಾಸೀನ ಮಾಡಬಾರದು.

ಸ್ಥೂಲಕಾಯದೊಂದಿಗೆ ಬರುವ ಟೈಪ್ 2 ಮಧುಮೇಹ ಈಗ ಹದಿಹರೆಯದವರಲ್ಲೂ ಕಾಣಿಸುತ್ತಿದೆ. ಅಲ್ಲಿ ರಕ್ತದೊತ್ತಡ, ತೂಕ, ಕೊಬ್ಬು ಎಲ್ಲವೂ ಒಟ್ಟಿಗೆ ಹೃದಯದ ಮೇಲೆ ಬೀಳುವುದರಿಂದ ಹೃತ್ಕುಕ್ಷಿಯ ಗೋಡೆ ದಪ್ಪವಾಗುವುದು ಟೈಪ್ 1ಕ್ಕಿಂತ ಬೇಗ.

ಯಾವ ಪರೀಕ್ಷೆ, ಯಾವಾಗ

ಎಲ್ಲ ಮಕ್ಕಳಿಗೂ ವರ್ಷ ವರ್ಷ ಎಕೋ ಮಾಡಿಸಬೇಕೆಂದು ಮಾರ್ಗಸೂಚಿಗಳು ಹೇಳುವುದಿಲ್ಲ. ಅದು ಸರಿಯೆಂದೇ ನನಗೂ ಅನ್ನಿಸುತ್ತದೆ. ಗುಡ್ಡ ಚೂರು ತಗ್ಗಿದೆ ಎಂದು ತಿಳಿದರೂ ಮಾಡಬೇಕಾದದ್ದು ಸಕ್ಕರೆಯನ್ನು ಹದದಲ್ಲಿಡುವುದೇ, ಅದನ್ನು ಹೇಗೂ ಮಾಡಬೇಕಿದೆ. ಮಗುವಿಗೆ ಆಡುವಾಗ ವಯಸ್ಸಿಗೆ ಮೀರಿದ ಏದುಸಿರು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ತಲೆಸುತ್ತಿ ಬೀಳುವುದು ಇದ್ದರೆ ಆಗ ಇಸಿಜಿ, ಎಕೋ ಬೇಕು.

ನಿಜವಾಗಿ ತಪ್ಪಿಸಬಾರದ್ದು ಸರಳ ಪರೀಕ್ಷೆಗಳನ್ನು. ರಕ್ತದೊತ್ತಡವನ್ನು ತಪಾಸಣೆಗೆ ಹೋದಾಗಲೆಲ್ಲ ನೋಡಬೇಕು, ಅದೂ ಮಗುವಿನ ತೋಳಿಗೆ ಹೊಂದುವ ಪಟ್ಟಿಯಲ್ಲಿ. ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕೊಲೆಸ್ಟರಾಲ್‌ನಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆಯಿರಬೇಕು. ಹನ್ನೊಂದು ವರ್ಷದ ಆಸುಪಾಸಿನಿಂದ ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೊಟೀನ್ ಇದೆಯೇ ಎಂದು ನೋಡುತ್ತಾರೆ. ಮೂತ್ರಪಿಂಡದ ಸಣ್ಣ ನಾಳಗಳು ಸೋರುತ್ತಿದ್ದರೆ ಬೇರೆಡೆಯ ನಾಳಗಳಿಗೂ ಪೆಟ್ಟು ಬಿದ್ದಿರಬಹುದೆಂಬುದಕ್ಕೆ ಅದು ಸೂಚನೆ. ಎಚ್‌ಬಿಎ1ಸಿ ಬಹುಪಾಲು ಮಕ್ಕಳಿಗೆ 7ಕ್ಕಿಂತ ಕಡಿಮೆ ಇರಲಿ ಎಂಬುದು ಗುರಿ. ಪದೇಪದೇ ತೀವ್ರ ಲೋ ಆಗುವ ಮಗುವಿಗೆ ಈ ಗುರಿಯನ್ನು ವೈದ್ಯರು ಸ್ವಲ್ಪ ಸಡಿಲಿಸಬಹುದು.

ಹದಿಮೂರು ಹದಿನಾಲ್ಕಕ್ಕೆ ಬರುವಾಗ ಇದೇ ಗುರಿ ಕೈಜಾರುತ್ತದೆ. ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ ವಿರುದ್ಧ ಕೆಲಸ ಮಾಡುವುದರಿಂದ ನಿನ್ನೆ ಸಾಕಾಗುತ್ತಿದ್ದ ಪ್ರಮಾಣ ಇಂದು ಸಾಲದು. ಆ ವಯಸ್ಸಿನ ಮಗುವಿನ ಮೀಟರ್‌ನಲ್ಲಿ 280 ಕಂಡಾಗ ಮೊದಲ ಮಾತು "ಏನು ತಿಂದೆ?" ಎಂದಾಗಿಬಿಟ್ಟರೆ, ಮುಂದಿನ ಸಲ ಮಗು ಮೀಟರನ್ನೇ ಬಚ್ಚಿಡುತ್ತದೆ. ತೋರಿಸದ 280 ತೋರಿಸಿದ 280ಕ್ಕಿಂತ ಹೃದಯಕ್ಕೆ ಕೆಟ್ಟದ್ದು, ಏಕೆಂದರೆ ಅದಕ್ಕೆ ಇನ್ಸುಲಿನ್ ಬೀಳುವುದಿಲ್ಲ.

ಓಡಬಹುದೇ?

ಎಕೋ ಕೋಣೆಯಲ್ಲಿ ಜೆಲ್ ಒರೆಸಿಕೊಂಡು ಎದ್ದ ಹುಡುಗಿ ಕೇಳುವುದು ಗುಡ್ಡಗಳ ಬಗ್ಗೆಯಲ್ಲ. "ನಾನು ಓಟದ ಸ್ಪರ್ಧೆಗೆ ಸೇರಬಹುದೇ?"

ಸೇರಬಹುದು. ಸೇರಬೇಕು. ಓಡುವಾಗ ಬಡಿತ ನಿಮಿಷಕ್ಕೆ 180 ಮುಟ್ಟಿದರೆ ಒಂದು ಬಡಿತಕ್ಕೆ ಸಿಗುವ ಸಮಯ ಸೆಕೆಂಡಿನ ಮೂರನೆಯ ಒಂದು ಭಾಗ, ತುಂಬಿಕೊಳ್ಳಲು ಉಳಿಯುವುದು ಅದರಲ್ಲೂ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲಿ ಸಡಿಲಾಗಿ, ತುಂಬಿಕೊಂಡು, ಮತ್ತೆ ಬಿಗಿಯಲು ಹೃದಯಕ್ಕೆ ರೂಢಿ ಬೇಕು, ಆ ರೂಢಿ ಓಡುವುದರಿಂದಲೇ ಬರುತ್ತದೆ. ದುಡಿಯುವ ಸ್ನಾಯುಗಳು ಇನ್ಸುಲಿನ್ ಹೆಚ್ಚು ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ, ಅದೊಂದು ಹೆಚ್ಚುವರಿ ಲಾಭ. ದಿನಕ್ಕೆ 60 ನಿಮಿಷ ಮೈ ಬಗ್ಗಿಸಿ ಆಡಬೇಕೆಂಬ ಶಿಫಾರಸು ಎಲ್ಲ ಮಕ್ಕಳಿಗೂ ಇದೆ, ಮಧುಮೇಹವಿರುವ ಮಕ್ಕಳಿಗೂ ಅಷ್ಟೇ.

ಓಡುವ ಮುಂಚೆ ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆಯಿದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್, ಸಕ್ಕರೆ ಏರಿದ ಮೇಲೆ ಓಟ. 270 ದಾಟಿ ಕೀಟೋನ್ ಕೂಡ ಹೆಚ್ಚಿದ್ದರೆ ಆ ದಿನ ಓಟ ಬೇಡ, ಇನ್ಸುಲಿನ್ ಬೇಕು. ಗ್ಲೂಕೋಸ್ ಮಾತ್ರೆ ಜೇಬಿನಲ್ಲೇ ಇರಬೇಕು, ಮೈದಾನದ ಅಂಚಿನಲ್ಲಿಟ್ಟ ಚೀಲದಲ್ಲಲ್ಲ. ಸಂಜೆ ಜೋರಾಗಿ ಓಡಿದ ದಿನ ಸ್ನಾಯುಗಳು ರಾತ್ರಿಯಿಡೀ ಗ್ಲೂಕೋಸ್ ಎಳೆಯುತ್ತಿರುತ್ತವೆ. ಮಲಗುವ ಮುನ್ನ ಒಮ್ಮೆ ಸಕ್ಕರೆ ನೋಡಿ, ಸೆನ್ಸರ್‌ನ ಅಲಾರಂ ಹಾಕಿ, ಸೆನ್ಸರ್ ಇಲ್ಲದಿದ್ದರೆ ನಡುರಾತ್ರಿ ಎದ್ದು ಇನ್ನೊಮ್ಮೆ ನೋಡಬೇಕು.